ಇಪ್ಪತ್ತೇಳನೆಯ ಫಾರಂ

ಅಂಕ ಕೂಡಿಸುವವನು ತನ್ನ ಗಂಡಸುತನದ ಅಂಕವನ್ನು ತಾನೇ ಏರಿಸಿಕೊಂಡು ಸಿಕ್ಕಿಬಿದ್ದನಂತೆ ಎಂಬ ಸುದ್ದಿ ಮನಶ್ಶಾಸ್ತ್ರ ವಿಭಾಗದ ಮೆಟ್ಟಿಲುಗಳ ಮೇಲೆ ಇಂದಿಗೂ ಓಡಾಡುತ್ತಿದೆ. ಸುಳ್ಳು. ಅವನು ಏರಿಸಿದ್ದು ತನ್ನದನ್ನಲ್ಲ, ಜೊತೆಗಾರನದನ್ನು, ಅದೂ ಹೊಟ್ಟೆಕಿಚ್ಚಿನಿಂದ.

ಸಲಿಂಗಿ ಗಂಡಸರು ತಮ್ಮ ಗಂಡಸುತನವನ್ನು ಹೇಗೆ ಕಾಣುತ್ತಾರೆಂಬುದು ಪ್ರೊಫೆಸರಮ್ಮನ ಸಂಶೋಧನೆ. ಇಪ್ಪತ್ತು ಹೇಳಿಕೆಗಳು, ಪ್ರತಿಯೊಂದರ ಎದುರು ಒಂದರಿಂದ ಏಳರೊಳಗಿನ ಅಂಕಿ. ಹೆಸರಿಲ್ಲದ ಆ ಫಾರಂಗಳನ್ನು ಕೂಡಿಸುವುದು ಇವನ ಕೆಲಸ. ಪರಿಚಿತರದೆಂದು ಗೊತ್ತಾದರೆ ಮುಟ್ಟದೆ ಮರಳಿಸಬೇಕು. ಇಪ್ಪತ್ತೇಳನೆಯದರಲ್ಲಿದ್ದವು ಹಲಗೆಗೆ ಗುರುತು ಹಾಕುವ ಚಪ್ಪಟೆ ಪೆನ್ಸಿಲಿನ ಅಂಕಿಗಳು. ಆರು ವರ್ಷದಿಂದ ಜೊತೆಗೆ ಬಾಳುತ್ತಿರುವ ಬಡಗಿಯದು. ಇವನು ಮರಳಿಸಲಿಲ್ಲ.

ಮೊತ್ತ ತೊಂಬತ್ತೆಂಟು. ಗುಟ್ಟಾಗಿ ತುಂಬಿ ನೋಡಿಕೊಂಡಿದ್ದ ಇವನದು ಅರವತ್ನಾಲ್ಕು.

ಬಡಗಿಯ ಅಗಲ ಭುಜ, ಬಸ್ಸಿನಲ್ಲಿ ಯಾರೂ ತಿರುಗಿ ನೋಡದ ಅವನ ನಡಿಗೆ ಮೊದಲೇ ಇವನ ಕಣ್ಣು ಕುಕ್ಕುತ್ತಿದ್ದವು. ಈಗ ಪುರಾವೆಯೂ ಸಿಕ್ಕಿತು. ತಿಂಗಳಿಡೀ ಚುಚ್ಚಿದ.

"ಡಬ್ಬಿ ಮುಚ್ಚಳ ನೀವೇ ತೆಗೀರಿ, ದೊಡ್ಡ ಗಂಡಸರು!"

"ಏನಾಗಿದೆಯೋ ನಿಂಗೆ? ನಿನ್ನ ತಲೆಗೇನಾದ್ರೂ ಮೊಳೆ ಹೊಡೆದ್ನಾ ನಾನು?" ಎಂದ ಬಡಗಿ. ಇವನು ನಗದಿದ್ದುದನ್ನು ಕಂಡು ತಾನೇ ಮುಂದುವರಿಸಿದ: "ಸಾಕು ಕಣೋ. ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ." ಉಪಕರಣಗಳ ಪೆಟ್ಟಿಗೆ ಬಾಗಿಲ ಬಳಿ ಬಂದು ಕೂತಿತು.

ಮರುದಿನ ಆ ಅಂಕವನ್ನೇ ಮತ್ತೊಮ್ಮೆ ನೋಡಿ ಉರಿದುಕೊಳ್ಳಲು ಇವನು ಫಾರಂ ತೆಗೆದ. ಅಂಜಿಕೆ, ಅಳುವಿನ ಕುರಿತಾದ ಆರು ಹೇಳಿಕೆಗಳನ್ನು ತಿರುಗಿಸಿ ಎಣಿಸಬೇಕಿತ್ತು: ಏಳಿದ್ದರೆ ಒಂದು, ಆರಿದ್ದರೆ ಎರಡು. ನೂರಾರು ಫಾರಂಗಳಲ್ಲಿ ಒಮ್ಮೆಯೂ ಮರೆಯದ್ದನ್ನು ಇದೊಂದರಲ್ಲಿ ಮರೆತಿದ್ದ. ಬಂದ ಮೊತ್ತ ತಾನು ಮೊದಲೇ ಅಂದುಕೊಂಡಂತೆಯೇ ಇದ್ದುದರಿಂದ ಅನುಮಾನವೂ ಬಂದಿರಲಿಲ್ಲ. ತಿರುಗಿಸಿ ಕೂಡಿಸಿದರೆ ಅರವತ್ತೆರಡು. ಎರಡು ಅಂಕ ತನಗೇ ಹೆಚ್ಚೆಂದು ಒಂದು ಕ್ಷಣ ಹಿಗ್ಗಿದ. ಆಮೇಲೆ ಹನ್ನೊಂದನೆಯ ಹೇಳಿಕೆಯನ್ನು ಓದಿದ: "ನನ್ನ ದನಿ, ನಡಿಗೆ ಕಂಡು ಜನ ನಕ್ಕಾರೆಂಬ ಅಂಜಿಕೆ ನನಗಿದೆ." ಎದುರಿಗೆ, ಕಾಗದ ಹರಿಯುವಷ್ಟು ಒತ್ತಿ ಬರೆದ ಏಳು.

ಪ್ರೊಫೆಸರಮ್ಮನಿಗೆ ತಾನೇ ಹೋಗಿ ಹೇಳಿದ. "ಕೂಡಿಸಿದ್ದು ತಪ್ಪಾದ್ರೆ ತಿದ್ದಬಹುದಪ್ಪ. ಮುಟ್ಟಿದ್ದೇ ತಪ್ಪಾದ್ರೆ ತಿದ್ದೋಕಾಗಲ್ಲ," ಎಂದರು.

ಮನೆಯಲ್ಲಿ ಇವನು ಹೇಳಿದ್ದನ್ನೆಲ್ಲ ಕೇಳಿ ಬಡಗಿ ಅಂದ: "ಬಸ್ಸಲ್ಲಿ ನಾನು ಯಾಕೆ ಬಾಯೇ ಬಿಡಲ್ಲ ಅಂತ ಒಂದಿನಾನಾದ್ರೂ ಕೇಳಿದ್ಯೇನೋ?"

"ಇಲ್ಲ."

ಈಗ ಇವನು ಗ್ರಂಥಾಲಯದಲ್ಲಿ ಮರಳಿ ಬಂದ ಪುಸ್ತಕಗಳನ್ನು ಜೋಡಿಸುತ್ತಾನೆ. ಇಪ್ಪತ್ತೇಳನೆಯ ಫಾರಂ ಸಂಶೋಧನೆಯಿಂದ ಹೊರಗಿದೆ. ಅಂಗಡಿಯವನು ಬಡಗಿಯನ್ನು "ಯಜಮಾನ್ರೇ" ಎಂದು, ತನ್ನನ್ನು "ಏಯ್" ಎಂದು ಕರೆದಾಗ ಇವನ ಹೊಟ್ಟೆ ಇಂದಿಗೂ ಉರಿಯುತ್ತದೆ. ಬಡಗಿ ಅಕ್ಕನ ಮನೆಗೆ ಹೋಗಲಿಲ್ಲ. ಪೆಟ್ಟಿಗೆ ಮಾತ್ರ ಇನ್ನೂ ಬಾಗಿಲ ಬಳಿಯೇ ಇದೆ.