ರೂಟರಿಗೊಂದು ಪಾಲುಪಟ್ಟಿ

2013, ಮಾರ್ಚ್ 16, ಶನಿವಾರ, ಬೆಳಗ್ಗೆ 10:10. ಕುಂದಲಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಜಯಮ್ಮನವರ ನಡುಮನೆಯ ಸಜ್ಜದ ಮೇಲೆ, ಉಪ್ಪಿನಕಾಯಿ ಜಾಡಿಗೂ ಮಡಿಸಿಟ್ಟ ಜಮಖಾನಕ್ಕೂ ನಡುವೆ, ಹಿಂದಿನ ಆಯುಧಪೂಜೆಯ ಗಂಧವನ್ನು ಇನ್ನೂ ಮೈಗಂಟಿಸಿಕೊಂಡು ಕುಳಿತಿದ್ದ ನಮ್ಮ ರೂಟರು ಮಾತು ಬಿಟ್ಟದ್ದು ಆಗಲೇ.

ಅದರ ಎಲ್ಲ ದೀಪಗಳೂ ಉರಿಯುತ್ತಿದ್ದವು. ಕೆಟ್ಟುಹೋದ ಯಂತ್ರ ಕತ್ತಲಾಗುತ್ತದೆ, ಅದರೊಡನೆ ನಮ್ಮ ಆಸೆಯೂ ಆರುತ್ತದೆ. ಎಲ್ಲ ಸರಿಯಿರುವಂತೆ ಮಿನುಗುತ್ತಲೇ ನಿಮ್ಮನ್ನು ಗುರುತಿಸದೆ ಕೂರುವ ಯಂತ್ರದ ಬಿಗುಮಾನವೇ ಬೇರೆ. ಕಂಪನಿ ತುಂಬಿದ್ದ ತಂತ್ರಾಂಶವನ್ನು ತೆಗೆದು, ಎಲ್ಲೆಲ್ಲಿಯವರೋ ಸೇರಿ ಬರೆದು ಬಿಟ್ಟಿಯಾಗಿ ಹಂಚುವ ಇನ್ನೊಂದನ್ನು ನಾನೇ ಅದಕ್ಕೆ ತುಂಬಿದ್ದೆ. ಹೀಗಾಗಿ ದೂರು ಕೊಡಬೇಕಾದ ಕಚೇರಿಯೂ ನಾನೇ, ದೂರುದಾರನೂ ನಾನೇ.

ನಡೆದದ್ದು ಇಷ್ಟು. ಮೂರು ಮಹಡಿಯ ಮೂರು ಮನೆಗೂ ಇರುವುದು ಒಂದೇ ಇಂಟರ್ನೆಟ್ ಲೈನು. ನಡುಮಹಡಿಯ ಗೆಳೆಯರಿಬ್ಬರು ಸಿನಿಮಾ ಇಳಿಸಲು ಕೂತರೆ ಉಳಿದವರಿಗೆ ಇ-ಮೇಲೊಂದೂ ತೆರೆಯದು. ಅಂದು ಹನ್ನೊಂದೂವರೆಗೆ ಜಯಮ್ಮನವರ ಸೊಸೆ ರೂಪಾ ಅವರಿಗೆ ವೀಡಿಯೊದಲ್ಲಿ ಸಂದರ್ಶನವಿತ್ತು. ಮಗು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ, ಅದು ಶಾಲೆಗೆ ಹೋಗುವಂತಾದ ಮೇಲೆ, ಅವರು ಮರಳುವ ಮೊದಲ ಪ್ರಯತ್ನವದು. ಅವರ ಚಿತ್ರ ನಿಂತು ನಿಂತು ಬರಬಾರದೆಂದು ನಾನು ಲೈನನ್ನು ಮೂರು ಮನೆಗೂ ಪಾಲು ಮಾಡಲು ಹೊರಟೆ. ಮೊದಲು ಗೋಡೆ, ಆಮೇಲೆ ದಾರಿ ಎಂಬುದು ನನ್ನ ಕ್ರಮ. ಯಾವ ಮನೆಯಿಂದಲೂ ರೂಟರನ್ನು ಯಾರೂ ಏನನ್ನೂ ಕೇಳುವಂತಿಲ್ಲವೆಂದು ಬರೆದು ಗುಂಡಿ ಒತ್ತಿದೆ. ನನ್ನದೂ ಒಂದು ಮನೆ ಎಂಬುದು ಒತ್ತಿದ ಮೇಲೆ ಹೊಳೆಯಿತು.

ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು ಬಂದ ರೂಪಾ, "ಪ್ರಸಾದ್, ನೆಟ್ ಹೋಯ್ತಾ?" ಎಂದರು.

"ಬರುತ್ತೆ. ನಿಮ್ ಇಂಟರ್‌ವ್ಯೂಗೆ ಅಂತಾನೇ ಸ್ವಲ್ಪ ಸರಿ ಮಾಡ್ತಿದ್ದೆ."

"ಏನೂ ಮಾಡ್ದೆ ಇದ್ದಿದ್ರೇ ಸರಿಯಾಗಿರ್ತಿತ್ತು ಕಣ್ರೀ. ಮೊಬೈಲು ಈ ಮನೇಲಿ ಸಿಗಲ್ಲ, ಸೈಬರ್ ಸೆಂಟರ್‌ನಲ್ಲಿ ಹತ್ ಜನದ ಮಧ್ಯೆ ಕೂತು ಮಾತಾಡಕ್ಕಾಗಲ್ಲ. ಇವತ್ತು ತಪ್ಪಿದ್ರೆ ಇನ್ನೊಂದ್ ಸಲ ಅವ್ರು ಕರೀತಾರಾ?"

ಒಳಗಿನಿಂದ ಜಯಮ್ಮ ಬಂದರು. "ಏನಪ್ಪಾ, ಚೆಂದಾಕಿದ್ದದ್ದ ಯಾಕೆ ಕೆರ್ದೆ?"

"ಪಾಲು ಮಾಡ್ತಿದ್ದೆ ಅಮ್ಮ, ಮೂರು ಮನೆಗೂ."

"ನಮ್ ಮಾವ್ನೋರು ಒಲ ಪಾಲು ಮಾಡ್ದಾಗ ಮೊದ್ಲು ಬಾವಿಗೆ ದಾರಿ ಬಿಟ್ರು. ಆಮೇಲೇನೆ ಅಗ್ಗ ಇಡ್ದು ಅಳೆದಿದ್ದು." ಮತ್ತೆ ಸೇರಿಸಿದರು: "ಅಂಗೂ ನಮ್ ಮೈದ ಆ ದಾರಿ ಮ್ಯಾಲೇ ಉಲ್ಲಿನ ಮೆದೆ ಒಟ್ದ, ಆ ಮಾತು ಬ್ಯಾರೆ."

ಆದರೆ ಈ ತಂತ್ರಾಂಶ ಬರೆದವರೂ ಒಂದು ದಾರಿ ಬಿಟ್ಟಿದ್ದಾರೆ. ರೂಟರು ಎಚ್ಚರಾಗುವಾಗ ಅದರ ಒಂದು ದೀಪ ಕೆಲವು ಕ್ಷಣ ಬೇಗ ಬೇಗ ಮಿಟುಕುತ್ತದೆ. ಸರಿಯಾಗಿ ಆಗಲೇ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಒತ್ತಿದರೆ, ನಾವು ಬರೆದ ಕಟ್ಟಳೆಗಳನ್ನೆಲ್ಲ ಬದಿಗಿಟ್ಟು ಅದು ಕೇಬಲ್ಲಿನಲ್ಲಿ ಬಂದವರ ಮಾತು ಕೇಳುತ್ತದೆ. ಲ್ಯಾಪ್‌ಟಾಪಿಗೊಂದು ನೆಟ್‌ವರ್ಕ್ ವಿಳಾಸವನ್ನು ಕೈಯಾರೆ ಕೊಟ್ಟು, ಕೇಬಲ್ಲು ಸಿಕ್ಕಿಸಿ ರೂಪಾ ಅವರ ಕೈಗಿತ್ತೆ. ರೂಟರಿನ ಸ್ವಿಚ್ಚು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಅದನ್ನು ಆರಿಸಿ ಹಾಕಲು ಜಯಮ್ಮ. ಕಡ್ಡಿಯೊಂದನ್ನು ಹಿಡಿದು ಸ್ಟೂಲಿನ ಮೇಲೆ ನಾನು.

ಮೊದಲ ಸಲ ನನ್ನ ಕಡ್ಡಿ ರಂಧ್ರದೊಳಗೆ ಇಳಿಯಲೇ ಇಲ್ಲ. ಆಯುಧಪೂಜೆಯ ಗಂಧ ಅದರ ಬಾಯಿ ತುಂಬಿ ಗಟ್ಟಿಯಾಗಿತ್ತು. ರೂಪಾ ಒಂದು ಕೈಯಲ್ಲೇ ಹೆಗಲ ಪಿನ್ನು ಬಿಚ್ಚಿ ಕೊಟ್ಟರು. "ಸೆರಗು ನಿಲ್ಲಲ್ಲ, ಬೇಗ ಮುಗಿಸಿ."

ಎರಡನೆಯ ಸಲ ದೀಪ ಮಿಟುಕಿತು, ನಾನು ಒತ್ತಿದೆ, ಅಷ್ಟರಲ್ಲಿ ಎಲ್ಲವೂ ಆರಿತು.

"ಅದು ಅಂಗೆ ಕಣ್ ಒಡೀತಲ್ಲಪ್ಪಾ, ಎದ್ರಿ ಆರ್ಸ್ಬುಟ್ಟೆ" ಎಂದರು ಜಯಮ್ಮ.

"ಅತ್ತೆ, ಅದು ಕಣ್ ಹೊಡೀಲಿ ಅಂತಾನೇ ನಾವೆಲ್ಲ ಕಾಯ್ತಿರೋದು!" ರೂಪಾ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಮೂರನೆಯ ಸಲ ರೂಟರು ಬಾಗಿಲು ತೆರೆಯಿತು. ಹೊಸ ಕಟ್ಟಳೆಗಳನ್ನು ಅಳಿಸಿ ಹಳೆಯ ಸೆಟ್ಟಿಂಗುಗಳನ್ನು ಹಾಕಿ ಮತ್ತೆ ಚಾಲೂ ಮಾಡಿದಾಗ 11:20. ಪಿನ್ನು ಹೆಗಲಿಗೆ ಮರಳಿತು, ಕೋಣೆಯ ಬಾಗಿಲು ಮುಚ್ಚಿತು.

ಹೊರಗೆ ಕೂತಾಗ ನನಗೆ ತಂತ್ರಾಂಶದಲ್ಲಿ ಆ ದಾರಿ ಬಿಟ್ಟವರ ನೆನಪೇ ನೆನಪು. ಅವರು ನನ್ನನ್ನು ಕಂಡವರಲ್ಲ. ಆದರೂ ಎಲ್ಲೋ ಒಬ್ಬ, ಒಳ್ಳೆಯದು ಮಾಡುವ ಅವಸರದಲ್ಲಿ ತನ್ನನ್ನು ತಾನೇ ಹೊರಗಿಟ್ಟು ಅಗುಳಿ ಹಾಕಿಕೊಳ್ಳುತ್ತಾನೆಂದು ಬಲ್ಲವರು. ಅವನನ್ನು ಬೈಯದೆ, ಜಾಣನಾಗು ಎಂದು ಉಪದೇಶಿಸದೆ, ಯಂತ್ರ ಕಣ್ಣುಬಿಡುವ ಹೊತ್ತಿನಲ್ಲಿ ಒಂದು ಸಂದು ಉಳಿಸಿದವರು. ಜಯಮ್ಮನವರ ಮಾವನವರೂ ಮಕ್ಕಳು ಜಗಳವಾಡುವುದಿಲ್ಲವೆಂದು ನಂಬಿ ಬಾವಿಗೆ ದಾರಿ ಬಿಟ್ಟಿರಲಾರರು. ಜಗಳವಾಡಿದ ಮೇಲೂ ಬಾಯಾರಿಕೆಯಾಗುತ್ತದೆಂದು ಬಿಟ್ಟಿರಬೇಕು. ನ್ಯಾಯವೆಂದರೆ ಸಮನಾಗಿ ಅಳೆಯುವುದು ಎಂದಷ್ಟೇ ತಿಳಿದಿದ್ದೆ. ಅಳತೆಗೆ ಸಿಗದೆ ಎಲ್ಲರಿಗೂ ಸೇರಿ ಉಳಿಯುವ ಆ ಗೇಣಗಲದ ನೆಲವಿಲ್ಲದೆ ಯಾವ ಪಾಲೂ ಬಾಳುವುದಿಲ್ಲ.

ಅಷ್ಟರಲ್ಲಿ ತರಕಾರಿ ಗಾಡಿ ಬಂತು. ಜಯಮ್ಮ ಗೇಟಿಗೆ ಓಡಿದರು. "ಇವತ್ತು ಈ ಬೀದೀಲಿ ಕೂಗ್ಬ್ಯಾಡ ಓಗಪ್ಪಾ, ನಮ್ ಸೊಸೆ ಕೆಲ್ಸದ ಮಾತಾಡ್ತಾವ್ಳೆ!" ಈ ಕೂಗು ಸಂದರ್ಶನದವರಿಗೂ ಕೇಳಿಸಿತಂತೆ.

ಚಿತ್ರ ಎರಡು ಸಲ ನಿಂತಿತೆಂದು ಹೊರಬಂದ ರೂಪಾ ಹೇಳಿದರು. ನಡುಮಹಡಿಯಲ್ಲಿ ಸಿನಿಮಾ ಇಳಿಯುತ್ತಿತ್ತು. "ಪರ್ವಾಗಿಲ್ಲ ಬಿಡಿ. ಇನ್ನೊಂದ್ ಸಲ ಹೇಳಿ ಅಂದ್ರು. ಎರಡ್ನೇ ಸಲ ಹೇಳಿದ್ದೇ ಚೆನ್ನಾಗಿತ್ತು."

ಬುಧವಾರ ಕೆಲಸದ ಪತ್ರ ಬಂತು. ಮುಂದಿನ ತಿಂಗಳಿಂದ ವಾರಕ್ಕೆರಡು ದಿನ ಅವರಿಗೆ ಮನೆಯಲ್ಲೇ ಕೆಲಸ. ಅಂದರೆ ಪಾಲು ಮಾಡದೆ ವಿಧಿಯಿಲ್ಲ. ಈ ಸಲ ದಾರಿಯನ್ನೇ ಮೊದಲು ಬರೆದಿದ್ದೇನೆ. ಆದರೂ ಒಂದು ಅನುಮಾನ: ಹೊಸ ಸೆಟ್ಟಿಂಗು ಹಾಕಿದ ಮೇಲೆ ನಾನು ಒಳಗೆ ಬರಲಾಗದಿದ್ದರೆ, ಸ್ವಲ್ಪ ಹೊತ್ತು ಕಾದು ರೂಟರು ತಾನಾಗಿ ಹಳೆಯದಕ್ಕೆ ಮರಳುವಂತೆ ಮಾಡುವ ಉಪಾಯವಿದೆಯೇ? ಅದು ತಿಳಿಯುವ ತನಕ ನಾನು ರೂಟರು ಮುಟ್ಟದಿರಲೆಂದು ಜಯಮ್ಮ ಸ್ಟೂಲನ್ನು ತಮ್ಮ ಮಂಚದಡಿ ಇಟ್ಟುಕೊಂಡಿದ್ದಾರೆ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕಾಗದವನ್ನು ಅವರಿಗೆ ಓದಿ ಹೇಳಿದರೆ ಸ್ಟೂಲು ಕೊಡುತ್ತಾರಂತೆ.