ಭಾವನ ತಲೆ ಬಗ್ಗಿಸಿದ ಸೀಟು

ಅಕ್ಕನ ಗಂಡನನ್ನು ಬಾಯಲ್ಲಿ "ಭಾವ, ನೀವು" ಅನ್ನುತ್ತಿದ್ದೆ. ಮನಸ್ಸಿನಲ್ಲಿ ಅವನು ಬರೀ ಅವನು. ಇಲ್ಲಿ ಮನಸ್ಸಿನಲ್ಲಿದ್ದಂತೆಯೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಮಾತು. ಅಂಧೇರಿಯಲ್ಲಿ ಅವನದು ದೊಡ್ಡ ಹೋಟೆಲು. ನನ್ನದು ಫೋರ್ಟ್ ಬಡಾವಣೆಯ ಒಂದು ಆಫೀಸಿನಲ್ಲಿ ಸಣ್ಣ ಕ್ಯಾಂಟೀನು, ಜೊತೆಗೆ ಪಾರ್ಸಿ ಮುದುಕನೊಬ್ಬನಿಂದ ಕೊಂಡ ಹಳೆಯ ಫಿಯೆಟ್. ಅಕ್ಕನ ಮಗಳ ನಿಶ್ಚಿತಾರ್ಥದ ದಿನ ಹಿಂದಿನ ಸೀಟಿನ ಸ್ಪ್ರಿಂಗ್ ಎದ್ದು ಭಾವನ ರೇಷ್ಮೆ ಪಂಚೆ ಹರಿಯಿತು. ಇಳಿದವನು ನೆಂಟರೆಲ್ಲರಿಗೂ ಹರಿದದ್ದನ್ನು ತೋರಿಸಿದ.

"ಇದು ಗಾಡಿಯಾ ಮಾರಾಯ? ಗುಜರಿಯವನೂ ತಕ್ಕೊಳ್ಳಲಿಕ್ಕಿಲ್ಲ. ಮದುವೆ ದಿನ ಮಗಳನ್ನು ಇದರಲ್ಲಿ ಕೂರಿಸುವುದು ಬೇಡ. ನೀನು ಲೋಕಲ್ ಟ್ರೈನ್ ಹಿಡಿದು ಬಾ."

ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅದು ನನ್ನ ಹಕ್ಕು. ಒಂದು ಹರಿದ ಪಂಚೆಗೆ ಅವನು ಅದನ್ನು ಕಿತ್ತುಕೊಂಡ. ಎಲ್ಲರೂ ನಕ್ಕರು, ಅಕ್ಕ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹುಡುಗಿ ನನ್ನ ಗಾಡಿಯಲ್ಲೇ ಹೋಗಬೇಕು, ಇಲ್ಲವಾದರೆ ನಾನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಸೀಟು ಕಟ್ಟುವವರು ಬೇಕಾದಷ್ಟಿದ್ದರು. ಬೇರೆಯವರ ಕೈಯಲ್ಲಿ ಮಾಡಿಸಿದರೆ ನನ್ನ ಸಿಟ್ಟು ಎಲ್ಲಿ ಇಳಿಯಬೇಕು? ಸೀಟನ್ನು ಕಿತ್ತು ಕ್ಯಾಂಟೀನಿನ ಹಿಂದಿನ ಓಣಿಗೆ ತಂದೆ. ಹಳೆಯ ರೆಕ್ಸಿನ್ ಬಿಚ್ಚಿದರೆ ಒಳಗಿನ ನಾರು ಹುಡಿಹುಡಿಯಾಗಿತ್ತು. ಚಟ್ನಿಗೆಂದು ದಿನಾ ಒಡೆಯುವ ತೆಂಗಿನಕಾಯಿಗಳ ಜುಟ್ಟು ಕಿತ್ತು ಒಟ್ಟುಮಾಡಿದೆ, ಬಿಸಿಲಿಗೆ ಒಣಗಿಸಿ ಎಳೆ ಬಿಡಿಸಿದೆ. ಪ್ರತಿ ಸಲ ಕೀಳುವಾಗಲೂ ಭಾವನ ಜುಟ್ಟೇ ಕೈಗೆ ಸಿಕ್ಕಷ್ಟು ಸುಖ. ಸ್ಪ್ರಿಂಗ್ ಮೇಲೆ ಗೋಣಿಚೀಲ ಹಾಸಿ, ನಾರು ತುಂಬಿ, ಧಾರಾವಿಯಿಂದ ತಂದ ಕೆಂಪು ರೆಕ್ಸಿನ್ ಬಿಗಿದೆಳೆದು ದಬ್ಬಣದಲ್ಲಿ ಹೊಲಿದೆ.

ಕ್ಯಾಂಟೀನಿನವನ ಬುದ್ಧಿ ನೋಡಿ, ಅಕ್ಕಿ ಚೀಲ ತುಂಬಿದ ಹಾಗೆ ಗುದ್ದಿ ಗುದ್ದಿ ತುಂಬಿದ್ದೆ. ಗಾಡಿಗೆ ಕೂರಿಸಿ ಮೇಲೆ ಕೂತು ನೋಡಿದರೆ ನನ್ನಂಥ ಕುಳ್ಳನ ಕೂದಲೇ ಚಾವಣಿಯ ಬಟ್ಟೆಗೆ ತಾಗಿತು. ಅಯ್ಯೋ ಎಂದು ಹೊಲಿಗೆ ಬಿಚ್ಚಲು ಕತ್ತರಿ ಹಿಡಿದೆ. ಆಗ ನೆನಪಾಯಿತು, ಭಾವ ನನಗಿಂತ ಒಂದು ಗೇಣು ಎತ್ತರ. ಮದುವೆಯ ದಿನ ತಲೆಯ ಮೇಲೆ ಜರಿಪೇಟ ಬೇರೆ. ಕತ್ತರಿ ಕೆಳಗಿಟ್ಟೆ.

ಮದುವೆಯ ಬೆಳಿಗ್ಗೆ ಅವನ ಬಿಲ್ಡಿಂಗಿನ ಎದುರು ಹೂವಿನಲ್ಲಿ ಮುಚ್ಚಿದ ದೊಡ್ಡ ಕಾರು ನಿಂತಿತ್ತು. ಅದರ ಹಿಂದೆಯೇ ಫಿಯೆಟ್ ನಿಲ್ಲಿಸಿ ಬಾಗಿಲು ತೆರೆದು ಹಿಡಿದೆ. ಹುಡುಗಿ ನೇರ ನನ್ನ ಗಾಡಿಗೇ ಬಂದಳು.

"ನಾನು ಮಾವನೊಟ್ಟಿಗೇ ಬರುವುದು," ಅಂದಳು.

ಅಕ್ಕ ಅವಳ ಪಕ್ಕ ಕೂತಳು. ಮುಂದೆ ಹೂವು ಹಣ್ಣಿನ ತಟ್ಟೆ ಹಿಡಿದು ನನ್ನ ಹೆಂಡತಿ ಕೂತಾಗಿತ್ತು. ನೆಂಟರೆದುರು ಮದುಮಗಳನ್ನು ಇಳಿಸುವಂತಿಲ್ಲ, ಅವಳನ್ನು ಬಿಟ್ಟು ತಾನು ಬೇರೆ ಕಾರಿನಲ್ಲಿ ಬರುವಂತೆಯೂ ಇಲ್ಲ. ಭಾವ ಹಿಂದಿನ ಸೀಟಿಗೇ ನುಗ್ಗಿದ. ಪೇಟ ಚಾವಣಿಗೆ ತಾಗಿತು. ಮಗಳ ಮದುವೆಯ ದಿನ ಪೇಟ ತೆಗೆಯುತ್ತಾರೆಯೇ? ತಲೆ ಬಗ್ಗಿತು.

ಮಾಟುಂಗದ ಮದುವೆ ಹಾಲಿನವರೆಗೆ ನಾನು ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದೆ. ಮಾಹೀಮಿನಲ್ಲಿ ಬೇಕೆಂದೇ ಸುತ್ತು ಬಳಸಿದೆ. ಬಗ್ಗು, ಇನ್ನೂ ಬಗ್ಗು ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಅಷ್ಟರಲ್ಲಿ ಹುಡುಗಿ ಅಪ್ಪನನ್ನು ನೋಡಿದಳು. ಆ ತಲೆ ಬಗ್ಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಪ್ಪಾ, ಅಳಬೇಡಿ. ದಾದರಿಗಲ್ಲವಾ ನಾನು ಹೋಗುವುದು, ದೂರ ಏನಿಲ್ಲ," ಎಂದು ಅವನ ಕೆನ್ನೆ ಮುಟ್ಟಿದಳು.

ಅವನು ಅಳುತ್ತಿರಲಿಲ್ಲ. ನನ್ನನ್ನು ಬೈಯಲು ಬಾಯಿ ತೆರೆದಿದ್ದ. ಆ ಕೈ ಕೆನ್ನೆಗೆ ತಾಗಿದ್ದೇ ತಡ, ಮಗಳ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಅತ್ತಳು. ನನ್ನ ಹೆಂಡತಿಯೂ ಅತ್ತಳು, ದ್ರೋಹಿ.

ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆದೊಯ್ದವನು ನಾನೇ. ಯಾರೂ ನನ್ನತ್ತ ನೋಡಲಿಲ್ಲ. ಮಗಳ ಮೇಲೆ ಎಷ್ಟು ಪ್ರೀತಿ ನೋಡಿ, ದಾರಿಯುದ್ದಕ್ಕೂ ತಲೆ ಎತ್ತಲಿಲ್ಲವಂತೆ ಎಂದು ಹಾಲಿನ ತುಂಬ ಅವನದೇ ಮಾತು. ತಲೆ ಬಗ್ಗಿಸಿದ್ದು ನನ್ನ ಸೀಟು ಎಂದು ಕೂಗಬೇಕೆನಿಸಿತು. ಅಪ್ಪ ಗಾಡಿಯಲ್ಲಿ ಅತ್ತದ್ದನ್ನು ಹುಡುಗಿ ಈಗಲೂ ಕಣ್ಣು ತುಂಬಿಕೊಂಡು ಹೇಳುತ್ತಾಳೆ. ನಾನು ಅಷ್ಟು ಕಷ್ಟಪಟ್ಟು ತೀರಿಸಿದ ಸೇಡು ಅವನ ಪಾಲಿಗೆ ಉಡುಗೊರೆಯಾಯಿತು. ಅದಕ್ಕಾಗಿ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.