ಮಿರಜಿನ ರಿಪೋರ್ಟು ಬರುವ ತನಕ

ಗೆಳೆಯರೇ, ಇವತ್ತು ಅಥಣಿಯ ದವಾಖಾನೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿದ ಡಾಕ್ಟರು, ಹದಿನೈದೇ ನಿಮಿಷದಲ್ಲಿ "ಫ್ಲೂ ಐತ್ರಿ ಟೀಚರಬಾಯಿ, ಗಾಬರಿ ಆಗಬ್ಯಾಡ್ರಿ" ಎಂದರು. ಇಷ್ಟು ಬೇಗ ಉತ್ತರ ಸಿಕ್ಕಿದ್ದಕ್ಕೆ ನನಗೆ ಅಳುವೇ ಬಂತು.

ತೊಂಬತ್ತರ ದಶಕದಲ್ಲಿ ನಾನು ಐಗಳಿಯಲ್ಲಿ ಹೊಸ ಟೀಚರು. ಗಂಗವ್ವ ಎಂಬಾಕೆಯ ಮನೆಯ ಹೊರಗಿನ ಬಾಡಿಗೆ ಖೋಲಿಯಲ್ಲಿ ವಾಸ, ಊಟ ಅವರೊಂದಿಗೇ. ಒಮ್ಮೆ ಹೀಗೇ ಜ್ವರ, ಕೆಮ್ಮು ಹಿಡಿಯಿತು. ಕ್ಷಯವಿದ್ದರೂ ಇರಬಹುದು, ಕಫವನ್ನು ತಪಾಸಣೆಗೆ ಮಿರಜಿನ ದೊಡ್ಡ ದವಾಖಾನೆಗೆ ಕಳಿಸೋಣ ಎಂದರು ಅಲ್ಲಿನ ಡಾಕ್ಟರು. ಆ ಮಾತು ನನಗಿಂತ ಮೊದಲೇ ಮನೆ ಮುಟ್ಟಿತ್ತು.

"ರಿಪೋರ್ಟ್ ಬರೂತನಾ ಒಳಗ ಬರಬ್ಯಾಡ್ರಿ ಟೀಚರಬಾಯಿ, ಮನ್ಯಾಗ ಸಣ್ಣ ಕೂಸೈತಿ," ಎಂದಳು ಗಂಗವ್ವ.

ಅವಳದು ತಪ್ಪೆನ್ನಲಾರೆ. ಒಂಬತ್ತು ದಿನ ಊಟದ ತಾಟನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ ಹೋಗುತ್ತಿದ್ದಳು. ಮನುಷ್ಯರ ದನಿ ಕೇಳುವ ಆಸೆಗೆ ನಾನು ಎರಡನೇ ಇಯತ್ತೆಯ ಪುಸ್ತಕವನ್ನು ಜೋರಾಗಿ ಓದಿಕೊಳ್ಳುತ್ತಿದ್ದೆ.

ಜ್ವರ ಬಿಟ್ಟ ಮೇಲೆ ರಿಪೋರ್ಟು ಬಂತು: ಕ್ಷಯ ಇಲ್ಲ. "ವೈರಲ್ ಇದ್ದಿರಬೇಕ್ರಿ," ಎಂದರು ಡಾಕ್ಟರು. ಗಂಗವ್ವ ಕೈ ಹಿಡಿದು ಒಳಗೆ ಕರೆದೊಯ್ದಳು. "ತಪ್ಪ ತಿಳ್ಕೋಬ್ಯಾಡ್ರಿ ಬಾಯಿ, ಕುಂದರ್ರಿ."

ಎಲ್ಲರ ಜೊತೆ ಕೂತು ರೊಟ್ಟಿ ಮುರಿದೆ. ಖಾರ ಗಂಟಲಿಗೆ ಹತ್ತಿ ಒಮ್ಮೆ ಕೆಮ್ಮಿದೆ. ಎಲ್ಲರ ಕೈಗಳೂ ತಾಟಿನಲ್ಲೇ ನಿಂತವು.

ನನಗೆ ರೋಗವಿಲ್ಲವೆಂದು ಮಿರಜಿನವರು ಒಪ್ಪಿದ್ದರು. ಪಕ್ಕದಲ್ಲಿ ಉಣ್ಣುವವರು ಇನ್ನೂ ಒಪ್ಪಿರಲಿಲ್ಲ.